ರಾಸ್ ಅಲ್ ಖೋರಿನ ಹಕ್ಕಿಗಳೂ ನಮ್ಮ ವಾರದ ರಜೆಯೂ

ಊರಿನಿಂದ ಯಾರಾದರೂ ವಿಸಿಟ್ ವೀಸಾದಲ್ಲಿ ಬಂದರೆ ಏನೇನು ತೋರಿಸಬೇಕು ಎಂಬುದು ದುಬೈ ಕನ್ನಡಿಗರಿಗೆ ಬಾಯಿಪಾಠ. ಬುರ್ಜ್ ಖಲೀಫಾ, ಅದರ ಬುಡದ ಕಾರಂಜಿ, ಗ್ಲೋಬಲ್ ವಿಲೇಜ್, ಮರಳುಗಾಡಿನ ಸಫಾರಿ, ಅಬುಧಾಬಿಯ ಶೇಖ್ ಝಾಯೆದ್ ಮಸೀದಿ, 2024ರಿಂದ ಅಲ್ಲಿಯ ಹಿಂದೂ ಮಂದಿರ. ಹದಿನೈದು ದಿನಕ್ಕೆ ಬಂದ ಅತ್ತೆ ಮಾವ ಇದಿಷ್ಟನ್ನೂ ನೋಡಿ, ಖರ್ಜೂರದ ಡಬ್ಬ ಕಟ್ಟಿಕೊಂಡು ವಿಮಾನ ಹತ್ತುತ್ತಾರೆ. ಒಳ್ಳೆಯದೇ. ಆದರೆ ಹತ್ತು ಹನ್ನೆರಡು ವರ್ಷಗಳಿಂದ ಇಲ್ಲೇ ಇರುವವರು ತಮ್ಮ ವಾರದ ಒಂದು ರಜೆಯಲ್ಲಿ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದರೆ ಉತ್ತರ ಇಷ್ಟು ಸಲೀಸಾಗಿ ಬರುವುದಿಲ್ಲ.

ನಾವು ರಾಸ್ ಅಲ್ ಖೋರ್ ಕಡೆಯವರು. ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜುಗಳಲ್ಲಿ ಡೆಂಟಿಂಗ್, ಪೇಂಟಿಂಗ್ ಮಾಡುವವರು, ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರು, ಅವೀರ್ ತರಕಾರಿ ಮಾರ್ಕೆಟಿನಲ್ಲಿ ನಸುಕಿಗೇ ಲೋಡು ಇಳಿಸುವವರು, ಹಳೆ ಕಾರುಗಳ ಮಾರ್ಕೆಟಿನಲ್ಲಿ ಕಾರು ತೊಳೆಯುವವರು. ಕುಂದಾಪುರ, ಭಟ್ಕಳ, ಬಂಟ್ವಾಳ, ಕಾಸರಗೋಡಿನವರು ಹೆಚ್ಚು. ಗದಗ, ಬಿಜಾಪುರದವರೂ ಈಚೆಗೆ ಸಾಕಷ್ಟು ಬಂದಿದ್ದಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಫ್ಯಾಮಿಲಿ ವೀಸಾ ಇಲ್ಲ, ಕಾರು ಇಲ್ಲ. ಸಂಘದ ಸದಸ್ಯರ ಕಾರ್ಡು ಮಾತ್ರ ಇದೆ. ಆ ಕಾರ್ಡಿನ ಹಕ್ಕಿನಿಂದಲೇ ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ರಾಸ್ ಎಂದರೆ ತಲೆ, ಖೋರ್ ಎಂದರೆ ಸಮುದ್ರ ಒಳನುಗ್ಗಿದ ಕಾಲುವೆ. ದೇರಾ ಮತ್ತು ಬರ್ ದುಬೈ ನಡುವೆ ಒಂದು ದಿರ್ಹಮಿಗೆ ಅಬ್ರಾದಲ್ಲಿ ದಾಟುತ್ತೇವಲ್ಲ, ಆ ಕ್ರೀಕ್ ಒಳನಾಡಿಗೆ ಹರಿದು ಬಂದು ಅಗಲವಾಗಿ, ತೆಳ್ಳಗಾಗಿ ಕೆಸರಿನಲ್ಲಿ ಹರಡಿಕೊಳ್ಳುವ ಜಾಗ ಇದು. ನಮ್ಮ ಕರಾವಳಿಯವರಿಗೆ ಅಳಿವೆಯ ಹಿನ್ನೀರು ಎಂದರೆ ತಟ್ಟನೆ ಅರ್ಥವಾಗುತ್ತದೆ. 1985ರಲ್ಲಿ ದುಬೈ ಸರ್ಕಾರ ಇದನ್ನು ರಕ್ಷಿತ ಪ್ರದೇಶ ಮಾಡಿತು. 2007ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು, ಈ ದೇಶದಿಂದ ಆ ಪಟ್ಟಿಗೆ ಹೋದ ಮೊದಲ ಜಾಗ ಇದೇ. ಜವುಗು ನೆಲ, ಕೆರೆ, ಅಳಿವೆಗಳನ್ನು ಉಳಿಸುವ ಒಪ್ಪಂದಕ್ಕೆ 1971ರಲ್ಲಿ ಇರಾನಿನ ರಾಮ್ಸರ್ ಎಂಬ ಪಟ್ಟಣದಲ್ಲಿ ಸಹಿ ಬಿದ್ದದ್ದರಿಂದ ಆ ಹೆಸರು. ನಮ್ಮ ರಂಗನತಿಟ್ಟು 2022ರಲ್ಲಿ, ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ಅಂಕಸಮುದ್ರ 2024ರಲ್ಲಿ ಅದೇ ಪಟ್ಟಿಗೆ ಸೇರಿದವು. ಅಂದರೆ ನಮ್ಮ ಕೋಣೆಯ ಕಿಟಕಿಯಾಚೆಯ ಈ ಕೆಸರಿಗೂ ರಂಗನತಿಟ್ಟಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ್ದಾರೆ.

ಒಟ್ಟು ಸುಮಾರು ಆರು ಚದರ ಕಿಲೋಮೀಟರ್. ಒಂದು ಕಡೆ ಹೆದ್ದಾರಿ, ಹಿಂದೆ ಬುರ್ಜ್ ಖಲೀಫಾದ ಸೂಜಿ, ಇನ್ನೊಂದು ಕಡೆ ನಮ್ಮ ಗ್ಯಾರೇಜುಗಳ ತಗಡಿನ ಮಾಡು. ನಡುವೆ ನೀರಿನಲ್ಲಿ ಚಳಿಗಾಲ ಪೂರ್ತಿ ಗುಲಾಬಿ ಬಣ್ಣದ ಸಾಲು. ಕೆಲಸಕ್ಕೆ ಹೋಗುವ ಬಸ್ಸಿನಿಂದ ನೋಡಿದವರು ಅದನ್ನು ಯಾರೋ ಜಾಹೀರಾತಿಗೆ ನಿಲ್ಲಿಸಿದ ಪ್ಲಾಸ್ಟಿಕ್ ಹಕ್ಕಿ ಎಂದೇ ತಿಳಿಯುವುದುಂಟು. ಅವು ಫ್ಲೆಮಿಂಗೊಗಳು. ಊರಿನ ಪತ್ರಿಕೆಗಳು ರಾಜಹಂಸ ಎಂದು ಬರೆಯುತ್ತವೆ. ನಿಂತರೆ ನಮ್ಮ ಎದೆಮಟ್ಟ ಬರುತ್ತವೆ, ದೊಡ್ಡ ಗಂಡು ಅದಕ್ಕೂ ಎತ್ತರ. ತಲೆಯನ್ನು ತಿರುವುಮುರುವು ಮಾಡಿ ಕೊಕ್ಕನ್ನು ಕೆಸರುನೀರಲ್ಲಿ ಅದ್ದಿ ಜರಡಿ ಹಿಡಿಯುತ್ತವೆ. ನೀರು ಹೊರಗೆ, ಸಣ್ಣ ಸಿಗಡಿ, ಪಾಚಿ ಒಳಗೆ. ಆ ತಿಂಡಿಯಲ್ಲಿರುವ ಬಣ್ಣವೇ ಗರಿಗೆ ಹತ್ತುವುದು. ಮರಿಗಳು ಬೂದು ಬಣ್ಣದವು, ಕೆಂಪೇರಲು ಎರಡು ಮೂರು ವರ್ಷ ಬೇಕು. ಪುರಸಭೆಯವರು ಹೊರಗಿನಿಂದಲೂ ಆಹಾರ ಹಾಕುತ್ತಾರೆ. "ಓಹೋ, ಇವಕ್ಕೂ ಮೆಸ್ಸಿನ ಊಟ" ಎಂದು ನಮ್ಮ ಪೇಂಟರ್ ಒಬ್ಬರು ನಕ್ಕದ್ದು ಈಗ ನಮ್ಮಲ್ಲಿ ಗಾದೆಯಾಗಿದೆ.

ಸುತ್ತಲಿನ ಹಸಿರು ಕಾಂಡ್ಲಾ ಗಿಡಗಳದ್ದು. ಕುಂದಾಪುರದ ಪಂಚಗಂಗಾವಳಿಯಲ್ಲಿ ದೋಣಿ ಹುಟ್ಟು ಹಾಕಿದವರಿಗೆ ಈ ಗಿಡದ ಪರಿಚಯ ಹೇಳಬೇಕಿಲ್ಲ. ಇಲ್ಲಿಯವು ತಾವಾಗಿ ಬಂದವಲ್ಲ, 1990ರ ದಶಕದ ಮೊದಲರ್ಧದಲ್ಲಿ ಬೇರೆ ಕಡೆಯಿಂದ ಸಸಿ ತಂದು ನೆಟ್ಟದ್ದು. ಉಪ್ಪುನೀರು ಕುಡಿದು ಎಲೆಯ ಮೇಲೆ ಉಪ್ಪು ಬೆವರುತ್ತವೆ, ಉಸಿರಾಡಲು ಕೆಸರಿನಿಂದ ಪೆನ್ಸಿಲಿನಂಥ ಬೇರುಗಳನ್ನು ಮೇಲಕ್ಕೆ ಚುಚ್ಚಿ ನಿಲ್ಲಿಸುತ್ತವೆ. ಬೆಳ್ಳಕ್ಕಿ, ಬಕ, ನೀರುಕಾಗೆ, ಮೆಟ್ಟುಗಾಲು ಹಕ್ಕಿ, ಮೀನಿಗಾಗಿ ಮೇಲಿನಿಂದ ಬೀಳುವ ಡೇಗೆ ಎಲ್ಲವೂ ಈ ಆರು ಚದರ ಕಿಲೋಮೀಟರಿನಲ್ಲಿ ಸಿಗುತ್ತವೆ.

ನೋಡಲಿಕ್ಕೆ ಮರೆಮನೆಗಳಿವೆ, ಹೈಡ್ ಎಂದು ಕರೆಯುತ್ತಾರೆ. ಮರದ ಸಣ್ಣ ಮನೆ, ಉದ್ದಕ್ಕೆ ಕಿಂಡಿ, ಒಳಗೆ ಕಾಲಿನ ಮೇಲೆ ನಿಲ್ಲಿಸಿದ ದೂರದರ್ಶಕ. ಪ್ರವೇಶಕ್ಕೆ ದುಡ್ಡಿಲ್ಲ. ಈ ಊರಿನಲ್ಲಿ ದುಡ್ಡು ಕೇಳದೆ ನೆರಳು ಮತ್ತು ದೂರದರ್ಶಕ ಎರಡನ್ನೂ ಕೊಡುವ ಜಾಗ ಇನ್ನೊಂದಿದ್ದರೆ ಓದುಗರು ನಮಗೂ ತಿಳಿಸಬೇಕು.

ಇಷ್ಟೆಲ್ಲ ಇದ್ದೂ ಇಂಡಸ್ಟ್ರಿಯಲ್ ಏರಿಯಾದ ನೂರು ಜನರನ್ನು ಕೇಳಿದರೆ ಒಳಗೆ ಹೋಗಿ ನೋಡಿದವರು ಬೆರಳೆಣಿಕೆ. ಇದಕ್ಕೆ ಕಾರಣ ಆಸಕ್ತಿ ಇಲ್ಲದಿರುವುದು ಎಂದು ಹೇಳುವವರಿದ್ದಾರೆ. ಆ ಮಾತನ್ನು ನಾವು ಒಪ್ಪುವುದಿಲ್ಲ. ನಮ್ಮವರ ರಜೆಯ ದಿನ ಹೇಗೆ ಕಳೆಯುತ್ತದೆ ಎಂದು ಒಮ್ಮೆ ನೋಡಬೇಕು. ಇಲ್ಲಿನ ಕಾರ್ಮಿಕ ಕಾನೂನು, 2021ರ 33ನೇ ಫೆಡರಲ್ ಕಾನೂನು, ವಾರಕ್ಕೆ ಕನಿಷ್ಠ ಒಂದು ದಿನ ಸಂಬಳಸಹಿತ ವಿಶ್ರಾಂತಿ ಕೊಡಬೇಕು ಎನ್ನುತ್ತದೆ. ಆ ಒಂದು ದಿನದಲ್ಲಿ ಬೆಳಿಗ್ಗೆ ಒಗೆಯುವ ಮೆಷೀನಿಗೆ ಸರದಿ. ಆಮೇಲೆ ವಾರದ ಸಾಮಾನು. ಮಧ್ಯಾಹ್ನ ಕೋಣೆಯವರೆಲ್ಲ ಸೇರಿ ಮಾಡುವ ಮೀನು ಸಾರು ಅಥವಾ ಬಿರಿಯಾನಿ. ಉಂಡ ಮೇಲೆ ನಿದ್ದೆ. ಎದ್ದು ಊರಿಗೆ ಹಣ ಕಳಿಸುವ ಕ್ಯೂ, ಬೋಟಿಮ್‌ನಲ್ಲಿ ಮನೆಗೆ ಕರೆ. ಅಷ್ಟರಲ್ಲಿ ಕತ್ತಲಾಗಿ, ನಾಳೆಯ ಡ್ಯೂಟಿಯ ಬಟ್ಟೆ ತೆಗೆದಿಡುವ ಹೊತ್ತು. ಇದರಲ್ಲಿ ಹಕ್ಕಿಗೆ ಎರಡು ಗಂಟೆ ತೆಗೆಯಬೇಕಾದರೆ ದಾರಿ ಸುಲಭವಾಗಿರಬೇಕು.

ದಾರಿಯೇ ಸುಲಭವಿಲ್ಲ. ನಕ್ಷೆಯಲ್ಲಿ ನೋಡಿದರೆ ಮರೆಮನೆ ನಮ್ಮ ಕೋಣೆಯಿಂದ ಕಲ್ಲೆಸೆದಷ್ಟು ದೂರ. ನಡುವೆ ಇರುವುದು ಎಂಟು ಹತ್ತು ಲೇನಿನ ಹೆದ್ದಾರಿಗಳು. ಅದನ್ನು ನಡೆದು ದಾಟುವ ಮಾತೇ ಇಲ್ಲ, ದಂಡವೂ ಇದೆ, ಜೀವವೂ ಬೇಕು. ನಾಲ್ಕು ಜನ ಸೇರಿ ಟ್ಯಾಕ್ಸಿ ಹಿಡಿದರೆ ತಲೆಗೆ ಒಂದು ಶವರ್ಮಾದ ಖರ್ಚಿನಲ್ಲಿ ಹೋಗಿಬಿಡಬಹುದು. ಬರುವಾಗ ಅದೇ ಜಾಗದಲ್ಲಿ ಟ್ಯಾಕ್ಸಿ ಸಿಗುವುದು ಅದೃಷ್ಟ. ಹೆದ್ದಾರಿಯ ಪಕ್ಕ ಮುಕ್ಕಾಲು ಗಂಟೆ ನಿಂತು ಕೈ ಬೀಸಿದವರು ಮುಂದಿನ ವಾರ ಮತ್ತೆ ಹೋಗಲು ಮನಸ್ಸು ಮಾಡುವುದಿಲ್ಲ. ಕಾರಿದ್ದವರಿಗೆ ಇದು ಹತ್ತು ನಿಮಿಷದ ಜಾಗ, ಇಲ್ಲದವರಿಗೆ ಅರ್ಧ ದಿನದ್ದು. ದುಬೈಯ ಎಷ್ಟೋ ಬಿಟ್ಟಿ ಸುಖಗಳ ಕಥೆ ಇಷ್ಟೇ: ಟಿಕೆಟ್ ಇಲ್ಲ, ಆದರೆ ಸ್ಟೀರಿಂಗ್ ಬೇಕು.

ಆದರೂ ಮೂರು ಚಳಿಗಾಲಗಳಿಂದ ನಾವು ಹತ್ತು ಹನ್ನೆರಡು ಜನ ಹೋಗುತ್ತಿದ್ದೇವೆ. ಒಂದು ಗ್ಯಾರೇಜಿನ ಪಿಕಪ್ ಡ್ರೈವರ್ ತಮ್ಮ ಪರಿಚಯದವರ ವ್ಯಾನು ಗೊತ್ತು ಮಾಡಿದ ಮೇಲೆ ಇದು ಸಾಧ್ಯವಾಯಿತು, ಡೀಸೆಲ್ಲಿಗೆ ಎಲ್ಲರೂ ಹಂಚಿಕೊಳ್ಳುತ್ತೇವೆ. ಮೊದಲ ಸಲ ಕರೆದಾಗ ಕುಂದಾಪುರದ ಹಿರಿಯರೊಬ್ಬರು, "ಹಕ್ಕಿ ಕಾಂಬುಕೆ ದುಬೈಗ್ ಬರ್ಕಾ ಮಾರಾಯಾ, ನಮ್ಮ್ ಗೆದ್ದಿ ತುಂಬ ಬೆಳ್ಳಕ್ಕಿ ಇತ್ತಲ್ದಾ" ಎಂದು ಮುಸುಕೆಳೆದು ಮಲಗಿದ್ದರು. ಈಗ ಹೊರಡುವ ಹೊತ್ತಿಗೆ ಮೊದಲು ಶೂ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುವವರು ಅವರೇ. ದೂರದರ್ಶಕದಲ್ಲಿ ಕಣ್ಣಿಟ್ಟರೆ ಬೇರೆಯವರಿಗೆ ಸರದಿ ಬಿಡುವುದಿಲ್ಲ ಎಂಬುದು ಅವರ ಮೇಲಿರುವ ಏಕೈಕ ದೂರು.

ಗದಗ ಕಡೆಯ ತಮ್ಮನೊಬ್ಬ ಇದ್ದಾನೆ, ಗೋದಾಮಿನಲ್ಲಿ ಕೆಲಸ. ಅವನ ಊರಿನ ಪಕ್ಕದ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಹಗಲೆಲ್ಲ ಕೆರೆಯಲ್ಲಿದ್ದು ಹೊಲಗಳಿಗೆ ಮೇಯಲು ಹೋಗುತ್ತವೆ. ಇಲ್ಲಿಯ ಕಿಂಡಿಯಿಂದ ಬಹಳ ಹೊತ್ತು ನೋಡಿ ಅವನು ಹೇಳಿದ್ದು: "ಇವೂ ನಮ್ಮ ಮಾಗಡಿ ಕೆರಿ ಹಕ್ಕಿ ಹಂಗ ಅದಾವ ನೋಡ್ರಿ. ಥಂಡಿ ಬಿದ್ದಾಗ ಬರ್ತಾವ, ಬ್ಯಾಸಗಿ ಹತ್ತೂದ್ರಾಗ ತಮ್ಮೂರ ಹಾದಿ ಹಿಡೀತಾವ. ನಮಗ ಎರಡು ವರ್ಷಕ್ಕೊಮ್ಮೆ." ಅಲ್ಲಿದ್ದವರೆಲ್ಲ ಸ್ವಲ್ಪ ಹೊತ್ತು ಸುಮ್ಮನಾದರು. ಎಲ್ಲ ಫ್ಲೆಮಿಂಗೊಗಳೂ ಊರಿಗೆ ಹೋಗುವುದಿಲ್ಲ, ಕೆಲವು ಬೇಸಿಗೆಯಲ್ಲೂ ಇಲ್ಲೇ ಉಳಿದುಕೊಳ್ಳುತ್ತವೆ ಎಂದು ಯಾರೋ ಹೇಳಿದ ಮೇಲೆ ನಗು ಬಂತು. ಯಾವ ಹಕ್ಕಿ ಯಾವ ಕೋಣೆಯವರ ಹಾಗೆ ಎಂಬ ಚರ್ಚೆ ವಾಪಸು ಬರುವವರೆಗೂ ನಡೆಯಿತು.

ಇದರಿಂದ ಏನು ಸಿಕ್ಕಿತು ಎಂದು ಲೆಕ್ಕ ಕೇಳುವವರಿಗೆ ಒಂದು ಮಾತು. ನಮ್ಮಲ್ಲೊಬ್ಬರ ಮನೆಯವರು ಒಮ್ಮೆ ಕರೆಯಲ್ಲಿ, "ಎಷ್ಟು ವರ್ಷದಿಂದ ನೋಡ್ತಿದ್ದೇನೆ, ನಿಮ್ಮ ಬೆನ್ನ ಹಿಂದೆ ಅದೇ ಮಂಚದ ಏಣಿ, ಅದೇ ಟವೆಲ್" ಎಂದಿದ್ದರಂತೆ. ಕೋಣೆಯ ಮೇಲ್ಮಂಚದಿಂದ ಮಾಡುವ ಕರೆಗೆ ಬೇರೆ ಹಿನ್ನೆಲೆ ಎಲ್ಲಿಂದ ಬರಬೇಕು? ಮೊದಲ ಸಲ ಮರೆಮನೆಯಿಂದ ಅವರು ಕರೆ ಮಾಡಿದ ದಿನ ಆರು ವರ್ಷದ ಮಗಳು ಫೋನು ಕೊಡಲೇ ಇಲ್ಲ. ದೂರದರ್ಶಕದ ಕಣ್ಣಿಗೆ ಮೊಬೈಲಿನ ಕ್ಯಾಮೆರಾ ಹಚ್ಚಿ ಹಿಡಿದರೆ ಹಕ್ಕಿಯ ಕಣ್ಣು ಕೂಡ ಕಾಣುತ್ತದೆ. "ಅಪ್ಪಾ, ಅದು ಯಾಕೆ ತಲೆಕೆಳಗೆ ಮಾಡಿ ತಿನ್ತದೆ" ಎಂದು ಅವಳು, ಇವರು ತಮಗೆ ತಿಳಿದಷ್ಟು ವಿವರಿಸುವುದು. ಸಂಬಳ ಬಂತಾ, ಊಟ ಆಯಿತಾ, ಫೀಸು ಕಟ್ಟಿದಿರಾ ಎಂಬ ಮೂರು ಪ್ರಶ್ನೆಗಳ ಹೊರಗೆ ಆ ಮನೆಯಲ್ಲಿ ಮಾತು ಹೋದದ್ದು ಎಷ್ಟೋ ತಿಂಗಳ ನಂತರ. ಇದನ್ನು ನಾವು ವಿನೋದ ಎಂದು ಕರೆಯಲು ತಯಾರಿಲ್ಲ, ಅದಕ್ಕಿಂತ ದೊಡ್ಡದು.

ಸಂಘದ ವಿಷಯಕ್ಕೆ ಬರೋಣ. ನಮ್ಮ ಸಂಘಗಳು ಮಾಡುವ ಕೆಲಸ ಸಣ್ಣದಲ್ಲ. ರಾಜ್ಯೋತ್ಸವ, ದಸರಾ, ಯಕ್ಷಗಾನ, ರಕ್ತದಾನ, ಮಕ್ಕಳಿಗೆ ಕನ್ನಡ ಪಾಠ. ಯಾರಾದರೂ ತೀರಿಕೊಂಡರೆ ಶವವನ್ನು ಊರಿಗೆ ಕಳಿಸುವವರೆಗೆ ಹಗಲು ರಾತ್ರಿ ಓಡಾಡುವ ಪದಾಧಿಕಾರಿಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಪಿಕ್ನಿಕ್ ಕೂಡ ಇದೆ, ಪಾರ್ಕಿನಲ್ಲಿ ಹಗ್ಗಜಗ್ಗಾಟ, ಮ್ಯೂಸಿಕಲ್ ಚೇರ್, ದಂಪತಿಗಳ ಆಟ, ಕೊನೆಗೆ ಬಿಸಿಬೇಳೆ ಭಾತ್. ಖುಷಿಯ ದಿನವೇ. ಆದರೆ ಆಮಂತ್ರಣದಲ್ಲಿ "ಕುಟುಂಬ ಸಮೇತರಾಗಿ" ಎಂದಿರುತ್ತದೆ, ಜಾಗದ ಲೊಕೇಶನ್ ಪಿನ್ ಇರುತ್ತದೆ, ಬಸ್ಸಿನ ಮಾತು ಇರುವುದಿಲ್ಲ. ಕುಟುಂಬ ಊರಿನಲ್ಲಿರುವವರು ಎಲ್ಲಿ ನಿಲ್ಲಬೇಕು? ದಂಪತಿಗಳ ಆಟದ ಹೊತ್ತಿಗೆ ನಮ್ಮವರು ತಟ್ಟೆ ಹಂಚುವ ಕಡೆ ಸಹಾಯಕ್ಕೆ ನಿಂತುಬಿಡುತ್ತಾರೆ. ಇದರಲ್ಲಿ ಯಾರ ಕೆಟ್ಟ ಮನಸ್ಸೂ ಇಲ್ಲ. ಕಾರ್ಯಕ್ರಮ ರೂಪಿಸುವಾಗ ಬ್ಯಾಚುಲರ್ ಕೋಣೆಯವರು ಯಾರೂ ಆ ಸಭೆಯಲ್ಲಿ ಇರುವುದಿಲ್ಲ, ಅಷ್ಟೇ. ಸಭೆ ನಡೆಯುವ ಹೊತ್ತಿಗೆ ಅವರಿಗೆ ಡ್ಯೂಟಿ.

ನಾವು ಕೇಳುವುದು ಹೊಸ ಹಬ್ಬವನ್ನಲ್ಲ. ನವೆಂಬರಿನಿಂದ ಮಾರ್ಚಿಯವರೆಗೆ, ಹಕ್ಕಿಗಳೂ ಇರುವ ಬಿಸಿಲೂ ಹದವಿರುವ ಐದು ತಿಂಗಳಲ್ಲಿ, ತಿಂಗಳಿಗೊಂದು ರಜೆಯ ದಿನ ಒಂದು ಬಸ್ಸು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲಲ್ಲಿ ಕೆಲಸ ಮಾಡಿಸಬಾರದು ಎಂದು ಸರ್ಕಾರವೇ ನಿಯಮ ಮಾಡಿದೆ. ಆ ತಿಂಗಳುಗಳಲ್ಲಿ ಯಾರನ್ನೂ ಹೊರಗೆ ಕರೆಯುವುದು ಬೇಡ. ರಾಜ್ಯೋತ್ಸವ ಬರುವುದೂ ನವೆಂಬರಿನಲ್ಲೇ, ಡಿಸೆಂಬರ್ 2ರ ಇಲ್ಲಿನ ರಾಷ್ಟ್ರೀಯ ದಿನಕ್ಕೆ ಗ್ಯಾರೇಜುಗಳಿಗೂ ರಜೆ ಸಿಗುತ್ತದೆ. ದಿನ ಹುಡುಕುವುದು ಕಷ್ಟವಲ್ಲ.

ಸಂಘವೇ ಏಕೆ ಬೇಕು ಎಂದರೆ ಅದಕ್ಕೂ ಕಾರಣವಿದೆ. ದೊಡ್ಡ ಗುಂಪು ಹೋಗುವುದಾದರೆ ಮೊದಲೇ ಅನುಮತಿ ಪಡೆಯಬೇಕು. ಪೇಂಟರ್ ಒಬ್ಬರು ಇಂಗ್ಲಿಷಿನಲ್ಲೋ ಅರಬ್ಬಿಯಲ್ಲೋ ಅರ್ಜಿ ಬರೆದು ಪುರಸಭೆಗೆ ಕಳಿಸುವುದಕ್ಕೂ ಲೆಟರ್‌ಹೆಡ್ ಇರುವ ಸಂಘ ಕಳಿಸುವುದಕ್ಕೂ ವ್ಯತ್ಯಾಸ ಇದೆ. ಮರೆಮನೆ ಚಿಕ್ಕದು, ಐವತ್ತು ಜನ ಒಟ್ಟಿಗೆ ನುಗ್ಗಿದರೆ ಹಕ್ಕಿ ಆಚೆ ದಡಕ್ಕೆ ಹೋಗುತ್ತದೆ, ಹತ್ತು ಹತ್ತು ಜನರ ತಂಡ ಮಾಡಿ ಸರದಿಯಲ್ಲಿ ಕಳಿಸುವವರೊಬ್ಬರು ಬೇಕು. ಉಳಿದವರು ಅಷ್ಟು ಹೊತ್ತು ಬಸ್ಸಿನಲ್ಲಿ ಕೂರುವುದು ಬೇಡ. ಒಂದು ತಂಡ ಹಕ್ಕಿ ನೋಡುವಾಗ ಇನ್ನೊಂದು ತಂಡ ಕ್ರೀಕ್ ಪಾರ್ಕಿನಲ್ಲಿ ವಾಲಿಬಾಲ್ ಆಡಬಹುದು, ಸಂಜೆ ಎಲ್ಲರೂ ಸೇರಿ ಅಬ್ರಾ ಹತ್ತಿ ಆಚೆ ದಡದಲ್ಲಿ ಚಹಾ ಕುಡಿಯಬಹುದು. ಖರ್ಚು ಎಂದರೆ ಬಸ್ಸಿನ ಬಾಡಿಗೆ ಮತ್ತು ಬುತ್ತಿ. ಬುತ್ತಿ ನಾವೇ ತರುತ್ತೇವೆ, ನಮ್ಮಲ್ಲಿ ಅಡುಗೆ ಬಲ್ಲವರಿಗೆ ಬರವಿಲ್ಲ. ಬಸ್ಸಿನ ಬಾಡಿಗೆ ವಾರ್ಷಿಕೋತ್ಸವದ ವೇದಿಕೆಗೆ ಹಾಕುವ ಹೂವಿನ ಕಮಾನಿಗಿಂತ ಹೆಚ್ಚಾಗದು ಎಂಬುದು ನಮ್ಮ ಅಂದಾಜು. ಕಮಾನೂ ಇರಲಿ, ಸ್ವಲ್ಪ ಚಿಕ್ಕದಾಗಲಿ.

ಇದಕ್ಕೆ ಬರುವ ಆಕ್ಷೇಪಗಳು ನಮಗೆ ಗೊತ್ತು. ರಜೆಯ ದಿನ ನಿದ್ದೆ ಮಾಡುವವರನ್ನು ಎಬ್ಬಿಸಿ ಹಕ್ಕಿ ತೋರಿಸುವುದು ಯಾಕೆ, ಅವರಿಗೆ ಬೇಕಾದದ್ದು ವಿಶ್ರಾಂತಿ ಎಂದು ಒಬ್ಬರು ಕಮಿಟಿ ಮಿತ್ರರು ಪ್ರೀತಿಯಿಂದಲೇ ಹೇಳಿದರು. ನಿದ್ದೆ ಬೇಕಾದವರು ಮಲಗಲಿ, ಯಾರನ್ನೂ ಎಳೆದು ತರುವುದಿಲ್ಲ. ಆದರೆ ಆರು ದಿನ ತಗಡಿನ ಮಾಡಿನ ಕೆಳಗೆ ಗ್ರೈಂಡರ್ ಸದ್ದಿನಲ್ಲಿ ಕಳೆದವರಿಗೆ, ಏಳನೆಯ ದಿನ ಎಂಟು ಜನರ ಕೋಣೆಯಲ್ಲಿ ಎಂಟು ಮೊಬೈಲುಗಳ ಎಂಟು ಸದ್ದಿನ ನಡುವೆ ಬಿದ್ದುಕೊಳ್ಳುವುದು ವಿಶ್ರಾಂತಿಯೇ ಎಂದು ಅವರೂ ಯೋಚಿಸಬೇಕು. ಮರೆಮನೆಯಲ್ಲಿ ಜೋರಾಗಿ ಮಾತಾಡುವಂತಿಲ್ಲ. ಅಲ್ಲಿ ಸಿಗುವ ಆ ಒಂದು ಗಂಟೆಯ ಮೌನಕ್ಕಾಗಿಯೇ ಬರುವವರು ನಮ್ಮಲ್ಲಿದ್ದಾರೆ, ಹಕ್ಕಿಯ ಕಡೆ ಅವರು ಹೆಚ್ಚು ನೋಡುವುದೂ ಇಲ್ಲ. ಇನ್ನು ಕೆಲವರು, ನಮ್ಮ ಜನ ಕಸ ಹಾಕುತ್ತಾರೆ, ಸದ್ದು ಮಾಡುತ್ತಾರೆ, ಸಂಘದ ಹೆಸರು ಕೆಡುತ್ತದೆ ಎನ್ನುತ್ತಾರೆ. ಮೂರು ಚಳಿಗಾಲಗಳಲ್ಲಿ ನಾವು ಒಂದು ಕಡಲೆಸಿಪ್ಪೆಯನ್ನೂ ಅಲ್ಲಿ ಬೀಳಿಸಿಲ್ಲ. ಅಲ್ಲಿನ ಕಾವಲುಗಾರರು ಈಗ ನಮ್ಮ ಮುಖ ಕಂಡರೆ ಯಾವ ಕಿಂಡಿಯ ಹತ್ತಿರ ಹಕ್ಕಿ ಇದೆ ಎಂದು ತಾವೇ ಬಂದು ತೋರಿಸುತ್ತಾರೆ.

ಹತ್ತಾ ಬೆಟ್ಟ, ಅಲ್ ಕುದ್ರಾ ಕೆರೆ ಇವೆಲ್ಲ ಇನ್ನೂ ಚೆಂದ ಎನ್ನುವವರಿಗೆ ನಮ್ಮ ತಕರಾರಿಲ್ಲ. ಹತ್ತಾ ನೂರು ಕಿಲೋಮೀಟರಿಗೂ ಆಚೆ, ಅದು ಪೂರ್ತಿ ಒಂದು ದಿನ. ಮೊದಲು ಹತ್ತು ನಿಮಿಷದ ದಾರಿಯಲ್ಲಿರುವುದನ್ನು ನೋಡೋಣ.

ಅಬುಧಾಬಿಯ ಸಂಘದವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಮುಸಫ್ಫಾದಲ್ಲಿ ದುಡಿಯುವ ಕನ್ನಡಿಗರಿಗೆ ಅಲ್ ವಥ್ಬಾ ಇದೆ, ನಗರದಿಂದ ಸುಮಾರು 40 ಕಿಲೋಮೀಟರ್. 1998ರಲ್ಲಿ ಅಲ್ಲಿ ಫ್ಲೆಮಿಂಗೊಗಳು ಗೂಡು ಮಾಡಿ ಮರಿ ಎಬ್ಬಿಸಿದವು, ಅದೇ ವರ್ಷ ಶೇಖ್ ಝಾಯೆದರು ಅದನ್ನು ರಕ್ಷಿತ ಪ್ರದೇಶ ಮಾಡಿದರು, 2013ರಲ್ಲಿ ಅದೂ ರಾಮ್ಸರ್ ಪಟ್ಟಿಗೆ ಸೇರಿತು. ನಮ್ಮ ರಾಸ್ ಅಲ್ ಖೋರಿನಲ್ಲಿ ಹಕ್ಕಿಗಳು ಬಂದು ಉಂಡು ಹೋಗುವವು. ಅಲ್ಲಿಯವು ಸಂಸಾರ ಹೂಡಿವೆ. ನಡೆಯಲು ದಾರಿ, ನೋಡಲು ಮರೆಮನೆ ಅಲ್ಲೂ ಇವೆ.

ರಂಗನತಿಟ್ಟನ್ನು 1940ರಲ್ಲಿ ಪಕ್ಷಿಧಾಮ ಮಾಡುವಂತೆ ಮೈಸೂರು ಸರ್ಕಾರಕ್ಕೆ ಹೇಳಿದವರು ಸಲೀಂ ಅಲಿ. ಶಾಲೆಯಿಂದ ಅಲ್ಲಿಗೆ ಕರೆದೊಯ್ದದ್ದು, ದೋಣಿಯಲ್ಲಿ ಕೂತು ಬಂಡೆಯ ಮೇಲಿನ ಮೊಸಳೆ ಕಂಡು ಕಿರುಚಿದ್ದು ನಮ್ಮಲ್ಲಿ ಕೆಲವರಿಗೆ ಇನ್ನೂ ನೆನಪಿದೆ. ಆವತ್ತು ಬಸ್ಸಿನ ಏರ್ಪಾಡು ಮಾಡಿದ್ದು ಮೇಷ್ಟ್ರು, ದುಡ್ಡು ಕೊಟ್ಟದ್ದು ಅಪ್ಪ. ಆಮೇಲೆ ದೊಡ್ಡವರಾಗಿ ದುಡಿಯಲು ಬಂದವರನ್ನು ಯಾರೂ ಎಲ್ಲಿಗೂ ಕರೆದೊಯ್ಯುವುದಿಲ್ಲ, ಅದು ಸಹಜವೇ. ಸಂಘ ಎಂಬುದು ಊರು ಬಿಟ್ಟವರಿಗೆ ಆ ಮೇಷ್ಟ್ರ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಬಹುದು ಎಂದು ನಮಗೆ ಅನಿಸುತ್ತದೆ.

ಬರಲು ಇಷ್ಟವಿರುವವರ ಪಟ್ಟಿಯನ್ನು ನಾವೇ ಮಾಡಲು ಶುರು ಮಾಡಿದ್ದೇವೆ. ಇಂಡಸ್ಟ್ರಿಯಲ್ ಏರಿಯಾದ ಎರಡು ಕಟ್ಟಡಗಳಿಂದಲೇ ಒಂದು ಬಸ್ಸಿಗಾಗುವಷ್ಟು ಹೆಸರುಗಳು ಸೇರಿವೆ, ಭಾನುವಾರ ರಜೆ ಇರುವವರದ್ದು ಒಂದು ಹಾಳೆ, ಶುಕ್ರವಾರ ರಜೆ ಇರುವವರದ್ದು ಇನ್ನೊಂದು. ರಾಜ್ಯೋತ್ಸವದ ದಿನ ಎರಡೂ ಹಾಳೆಗಳನ್ನು ಕಾರ್ಯದರ್ಶಿಗಳ ಕೈಗೆ ಕೊಡುತ್ತೇವೆ. ಅನುಮತಿಯ ಅರ್ಜಿ ಅವರು ಬರೆಯಲಿ. ಬಸ್ಸು ತರಕಾರಿ ಮಾರ್ಕೆಟಿನ ಕಡೆಯಿಂದ ಹೊರಟರೆ ಒಳ್ಳೆಯದು, ನಸುಕಿನ ಲೋಡು ಇಳಿಸಿದವರು ಕೈಕಾಲು ತೊಳೆದು ಅಲ್ಲಿಂದಲೇ ಹತ್ತಿಕೊಳ್ಳುತ್ತಾರೆ.